ಕೇಳುವವರ ಬಾಯಿ ಬಿಡಿಸದ ಗೋಷ್ಠಿ ಯಾರಿಗೆ ಬೇಕು?

(ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗಾಗಿ ಅಂತರ್ಜಾಲದಲ್ಲಿ ವಿಚಾರಗೋಷ್ಠಿ ನಡೆಸಲು ಹೊರಟಿರುವ ಯುವಕ ಯುವತಿಯರ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಒಬ್ಬ ಹುಡುಗಿ ಪಿಯುಸಿ ವಿಜ್ಞಾನದ ಕೊಠಡಿಗೆ ಕಾಲಿಟ್ಟ ದಿನ ಏನನ್ನು ಕಳೆದುಕೊಳ್ಳುತ್ತಾಳೆ? ಅವಳ ಬುದ್ಧಿ ಎಲ್ಲೂ ಹೋಗಿರುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಯಲ್ಲೇ ಇರುತ್ತದೆ. ಕಳೆದುಹೋಗುವುದು ಕೈ ಎತ್ತಿ ಪ್ರಶ್ನೆ ಕೇಳುವ ಧೈರ್ಯ! ನಿನ್ನೆಯವರೆಗೆ ‘ಸಾರ್, ಅದು ಹ್ಯಾಗೆ?’ ಎಂದು ಕೇಳುತ್ತಿದ್ದವಳು ಇವತ್ತು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವ ಹೊತ್ತಿಗೆ ಮೇಷ್ಟ್ರು ಮುಂದಿನ ಪುಟಕ್ಕೆ ಹೋಗಿರುತ್ತಾರೆ. ಹೀಗೆ ಆರು ತಿಂಗಳು ಸುಮ್ಮನೆ ಕೂತವಳು ‘ನನಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ತಾನೇ ತೀರ್ಪು ಕೊಟ್ಟುಕೊಂಡುಬಿಡುತ್ತಾಳೆ.

ಬೆಳಕೇ ಒಂದು ಮಾಧ್ಯಮದಿಂದ ಇನ್ನೊಂದು ಮಾಧ್ಯಮಕ್ಕೆ ದಾಟುವಾಗ ಬಾಗುತ್ತದೆ ಎಂದು ಹತ್ತನೇ ತರಗತಿ ಪುಸ್ತಕವೇ ಹೇಳುತ್ತದೆ. ಇನ್ನು ಮಕ್ಕಳ ಪಾಡೇನು ಸ್ವಾಮಿ?

ನೀವು ಗೋಷ್ಠಿ ನಡೆಸಲು ಹೊರಟಿರುವುದು ಈ ಮಕ್ಕಳಿಗೆ. ಆದ್ದರಿಂದ ನಾನು ಇಲ್ಲಿ ಹೇಳಬೇಕಾದ್ದು ಒಂದೇ ಮಾತು. ಗೋಷ್ಠಿಯನ್ನು ಅಳೆಯಬೇಕಾದ್ದು ಬಂದ ಮಕ್ಕಳು ಎಷ್ಟು ಮಾತಾಡಿದರು, ಏನು ಕೇಳಿದರು ಎಂಬ ಅಳತೆಗೋಲಿನಿಂದ. ನಿಮ್ಮ ಸಿದ್ಧತೆ, ನಿಮ್ಮ ತಂತ್ರ, ನಿಮ್ಮ ಸಮಯ ಎಲ್ಲವೂ ಆ ಒಂದು ಗುರಿಗೆ ದುಡಿಯಬೇಕು.

ಪ್ರೆಸ್ಸಿನವನಿಗೆ ಇದರಲ್ಲಿ ಏನು ಕೆಲಸ?

ಪಿಯುಸಿಗೇ ಓದು ನಿಲ್ಲಿಸಿದ ನಾನು ಶಿಕ್ಷಣದ ಬಗ್ಗೆ ಮಾತಾಡುವುದೇ ಎಂದು ಕೆಲವರಿಗೆ ಅನ್ನಿಸಬಹುದು. ತಪ್ಪಲ್ಲ. ಆದರೆ 2020ರ ನಂತರ ನನ್ನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಮದುವೆ ಪತ್ರಿಕೆಗಳ ಪಕ್ಕದಲ್ಲೇ ಕೂತದ್ದು ವೆಬಿನಾರ್ ಪ್ರಮಾಣಪತ್ರಗಳು. ರಾಜ್ಯಮಟ್ಟದ ವೆಬಿನಾರ್, ರಾಷ್ಟ್ರಮಟ್ಟದ ವೆಬಿನಾರ್! ವಿನ್ಯಾಸ ಮಾಡಿಸಲು ಬಂದವರನ್ನು ನಾನು ಕೇಳುತ್ತಿದ್ದೆ: ‘ಎಷ್ಟು ಜನ ಇದ್ರು ಸಾರ್?’ ‘ಮುನ್ನೂರು.’ ‘ಎಷ್ಟು ಜನ ಪ್ರಶ್ನೆ ಕೇಳಿದ್ರು?’ ‘ಅಯ್ಯೋ, ಅದಕ್ಕೆಲ್ಲ ಟೈಮ್ ಎಲ್ಲಿತ್ತು ಬಿಡಿ!’

ಮುನ್ನೂರು ಹೆಸರು ಅಚ್ಚಾಯಿತು, ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ಭಾಷಣಕಾರರು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಓದಿದರು, ಕೇಳುಗರು ಫೋನನ್ನು ಗೋಡೆಗೆ ಒರಗಿಸಿಟ್ಟು ತಮ್ಮ ಕೆಲಸ ನೋಡಿಕೊಂಡರು. ಇದಕ್ಕೆ ಅಂತರ್ಜಾಲ ಯಾಕೆ ಬೇಕಿತ್ತು? ಅದೇ ಭಾಷಣವನ್ನು ನಾಲ್ಕು ಪುಟದಲ್ಲಿ ಅಚ್ಚು ಹಾಕಿ ಹಂಚಿದ್ದರೆ ಮನೆಯಲ್ಲಿ ಎರಡು ಸಲ ಓದಿಕೊಳ್ಳುತ್ತಿದ್ದರು. ಎದುರುಬದುರು ಮಾತು ಬೇಕಾದಾಗ ಮಾತ್ರ ಜನರನ್ನು ಒಂದೇ ಹೊತ್ತಿಗೆ ಸೇರಿಸಿ. ಬರೀ ಹೇಳುವುದಿದ್ದರೆ ಕರಪತ್ರ ಸಾಕು.

2020 ಕಲಿಸಿದ ಪಾಠ

ಆ ವರ್ಷವನ್ನು ನೆನೆಸಿಕೊಳ್ಳಿ. 2020ರ ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಿತು. ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಆದೇಶ ಮಾಡಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಒಳ್ಳೆಯ ಕೆಲಸವೇ. ಆದರೆ ಟಿವಿಗೆ ಬಾಯಿ ಇದೆ, ಕಿವಿ ಇಲ್ಲ. ಮಗು ತಿರುಗಿ ಕೇಳಿದರೆ ಅದಕ್ಕೆ ಕೇಳಿಸುವುದಿಲ್ಲ.

ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಸರ್ಕಾರಿ ಶಾಲೆಯ ಮೇಷ್ಟ್ರುಗಳು ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ಮಕ್ಕಳಿದ್ದಲ್ಲಿಗೇ ಹೋದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಅಲ್ಲಿ ಕರಿಹಲಗೆ ಕೂಡ ಸರಿಯಾಗಿ ಇರಲಿಲ್ಲ, ಆದರೆ ಐದಾರು ಮಕ್ಕಳು ಮೇಷ್ಟ್ರ ಎದುರಿಗೆ ಕೂತು ‘ಇದು ಗೊತ್ತಾಗಲಿಲ್ಲ ಸಾರ್’ ಅನ್ನಬಹುದಿತ್ತು. ಯಂತ್ರ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮಾತು ಎರಡೂ ಕಡೆಯಿಂದ ಹರಿಯುತ್ತದೆಯೇ ಅನ್ನುವುದು ಮುಖ್ಯ. ನಿಮ್ಮ ಗೋಷ್ಠಿ ಟಿವಿಯ ತಮ್ಮನಾಗಬೇಕೋ ಜಗಲಿಯ ತಮ್ಮನಾಗಬೇಕೋ, ಮೊದಲು ತೀರ್ಮಾನ ಮಾಡಿಕೊಳ್ಳಿ.

ತಾಳಮದ್ದಳೆ ನೋಡಿದ್ದೀರಾ?

ಗೋಷ್ಠಿ ನಡೆಸುವ ಬಗೆಯನ್ನು ಹೊರಗಿನವರೇ ಬಂದು ಹೇಳಿಕೊಡಬೇಕಾಗಿಲ್ಲ. ನಮ್ಮ ಕರಾವಳಿ ಮಲೆನಾಡಿನ ತಾಳಮದ್ದಳೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ವಾದ ಕಟ್ಟುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಎದುರಿನವನ ಮಾತಿಗೆ ಆ ಕ್ಷಣಕ್ಕೆ ಹುಟ್ಟಿದ್ದು. ಇಷ್ಟಕ್ಕೂ ಅದು ಸಂತೆಯಾಗುವುದಿಲ್ಲ, ಯಾಕೆ? ಭಾಗವತರು ಇದ್ದಾರಲ್ಲ! ಪ್ರಸಂಗ ಯಾವುದು, ಪದ್ಯ ಯಾವಾಗ ಎತ್ತಬೇಕು ಎಂಬುದೆಲ್ಲ ಅವರ ಕೈಯಲ್ಲಿದೆ. ತಾವು ವಾದಕ್ಕೆ ಇಳಿಯುವುದಿಲ್ಲ, ಆದರೆ ಇಡೀ ರಾತ್ರಿಯ ನಡೆ ಅವರದ್ದು. ನಿಮ್ಮ ಗೋಷ್ಠಿಯ ನಿರ್ವಾಹಕ ಭಾಗವತನಾಗಬೇಕು. ತಾನೇ ಅರ್ಥ ಹೇಳಲು ಕೂತರೆ ಕೆಟ್ಟಿತು.

ಮೊದಲು ಪ್ರಶ್ನೆ ಹುಡುಕಿ

ಸಿದ್ಧತೆಗೆ ಬರೋಣ. ನಮ್ಮಲ್ಲಿ ಗೋಷ್ಠಿ ಎಂದರೆ ಮೊದಲು ಉದ್ಘಾಟಕರನ್ನು ಹುಡುಕುತ್ತೇವೆ, ಆಮೇಲೆ ವಿಷಯ. ಅದನ್ನು ತಲೆಕೆಳಗು ಮಾಡಿ. ಉದ್ಘಾಟನೆಯೇ ಬೇಡ. ಮೊದಲು ಒಂದು ಪ್ರಶ್ನೆ ಬೇಕು. ‘ಬೆಳಕಿನ ಗುಣಗಳು’ ಎಂಬುದು ಪಾಠದ ಹೆಸರು, ಅದರ ಮೇಲೆ ಮಕ್ಕಳು ಜಗಳವಾಡಲಾರರು. ಅದರ ಬದಲು ಹೀಗೆ ಕೇಳಿ:

‘ಕೆರೆ ದಂಡೆಯ ಮೇಲೆ ನಿಂತವನು ತಿಳಿನೀರಿನಲ್ಲಿ ಮೀನು ನೋಡಿದ. ಭರ್ಜಿಯಿಂದ ಹೊಡೆಯಬೇಕು. ಮೀನು ಕಾಣುವ ಜಾಗಕ್ಕೇ ಗುರಿ ಇಡಬೇಕೋ, ಅದಕ್ಕಿಂತ ಮೇಲಕ್ಕೋ, ಕೆಳಕ್ಕೋ?’

ಕೆರೆ ನೋಡಿದ ಯಾವ ಮಗುವಿಗೂ ಇದರ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ತಪ್ಪಿರಬಹುದು, ಇರಲಿ. ಅಭಿಪ್ರಾಯ ಇದ್ದಲ್ಲಿ ಮಾತು ಇರುತ್ತದೆ. ಹತ್ತನೇ ತರಗತಿಯಲ್ಲಿ ‘ವಕ್ರೀಭವನ’ ಎಂದು ಓದಿದ್ದು, ದ್ವಿತೀಯ ಪಿಯುಸಿಯಲ್ಲಿ ‘ರೇ ಆಪ್ಟಿಕ್ಸ್’ ಎಂದು ಇಂಗ್ಲಿಷಿನಲ್ಲಿ ಎದುರಾಗುವುದು ಎಲ್ಲ ಈ ಮೀನಿನೊಳಗಿದೆ. ಒಂದು ಗೋಷ್ಠಿಗೆ ಇಂಥ ಒಂದೇ ಪ್ರಶ್ನೆ ಸಾಕು.

ಎರಡನೆಯದು, ಜನಸಂಖ್ಯೆ. ಮುನ್ನೂರರ ಆಸೆ ಬಿಡಿ. ಇಪ್ಪತ್ನಾಲ್ಕು ಮಕ್ಕಳು ಸಾಕು. ನಾಲ್ವರಂತೆ ಆರು ಗುಂಪು. ಹೆಚ್ಚು ಮಕ್ಕಳು ಬಂದರೆ ಇನ್ನೊಂದು ದಿನ ಇನ್ನೊಂದು ಗೋಷ್ಠಿ ಮಾಡಿ.

ಮೂರನೆಯದು, ಕೆಲಸ ಹಂಚಿಕೆ. ನಾಲ್ಕು ಕೆಲಸಕ್ಕೆ ನಾಲ್ಕು ಜನ ಬೇಕು. ಒಬ್ಬರು ನಿರ್ವಾಹಕರು, ಅಂದರೆ ಭಾಗವತರು. ಒಬ್ಬರು ವಿಷಯ ಬಲ್ಲ ಮೇಷ್ಟ್ರು. ಒಬ್ಬರು ಬಾಗಿಲು ಕಾಯುವವರು: ಯಾರನ್ನು ಒಳಗೆ ಬಿಡಬೇಕು, ಯಾರ ಧ್ವನಿ ಬರುತ್ತಿಲ್ಲ, ಯಾರ ನೆಟ್‌ವರ್ಕ್ ಹೋಯಿತು ಎಂದು ನೋಡುವುದೇ ಅವರ ಕೆಲಸ. ಇನ್ನೊಬ್ಬರು ಮಕ್ಕಳ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವವರು. ಇವರಲ್ಲದೆ ಆರು ಗುಂಪಿಗೆ ಆರು ಜನ ಅಣ್ಣ ಅಕ್ಕಂದಿರು. ಒಬ್ಬನೇ ನಾಲ್ಕೂ ಕೆಲಸಕ್ಕೆ ಕೈ ಹಾಕಿದರೆ, ಕಂಪೋಸ್ ಮಾಡುವವನೇ ಯಂತ್ರವನ್ನೂ ತುಳಿದ ಹಾಗೆ: ಎರಡೂ ಕೆಡುತ್ತದೆ.

ನಾಲ್ಕನೆಯದು ಸಮಯ. ಜೂಮ್ ಅನ್ನು ದುಡ್ಡು ಕೊಡದೆ ಬಳಸಿದರೆ ಸಭೆಗೆ 40 ನಿಮಿಷದ ಮಿತಿ ಇದೆ. ಗೂಗಲ್ ಮೀಟ್‌ನಲ್ಲಿ 60 ನಿಮಿಷ. ಇದನ್ನು ಕೊರತೆ ಎಂದು ಗೊಣಗಬೇಡಿ, ಉಪಯೋಗಿಸಿಕೊಳ್ಳಿ. 35 ನಿಮಿಷದ ಎರಡು ಬೈಠಕ್, ನಡುವೆ 10 ನಿಮಿಷ ಬಿಡುವು. ಒಟ್ಟು 80 ನಿಮಿಷ. ಜೂಮ್‌ನಲ್ಲಿ ಮಕ್ಕಳನ್ನು ಸಣ್ಣ ಸಣ್ಣ ಕೋಣೆಗಳಿಗೆ ಹಂಚುವ ಅನುಕೂಲವೂ ಇದೆ. ನಮ್ಮ ಕೆಲಸಕ್ಕೆ ಅದು ಬಹಳ ಮುಖ್ಯ.

ಪ್ರೂಫ್ ನೋಡದೆ ಅಚ್ಚಿಗೆ ಹಾಕಬೇಡಿ

ನಮ್ಮ ಕಸುಬಿನಲ್ಲಿ ಒಂದು ನಿಯಮ. ಎಂಥ ಅವಸರದ ಕೆಲಸವಿದ್ದರೂ ಪ್ರೂಫ್ ತೆಗೆಯದೆ ಯಂತ್ರಕ್ಕೆ ಹಾಕುವುದಿಲ್ಲ. ಸಾವಿರ ಪ್ರತಿ ಅಚ್ಚಾದ ಮೇಲೆ ಮದುಮಗನ ಹೆಸರು ತಪ್ಪಿದೆ ಎಂದರೆ ಏನು ಮಾಡುತ್ತೀರಿ? ಗೋಷ್ಠಿಗೂ ಪ್ರೂಫ್ ಬೇಕು. ಎರಡು ದಿನ ಮುಂಚೆ ಹತ್ತೂ ಜನ ಸೇರಿ, ಮಕ್ಕಳಂತೆ ನಟಿಸಿ, ಒಂದು ಸಲ ನಡೆಸಿ ನೋಡಿ. ಅದೂ ಅಗ್ಗದ ಫೋನಿನಿಂದ, ಮೊಬೈಲ್ ಡೇಟಾದಿಂದ. ಬೆಂಗಳೂರಿನ ಆಫೀಸಿನ ವೈಫೈನಲ್ಲಿ ಸೊಗಸಾಗಿ ಕಂಡ ಚಿತ್ರ ಹಳ್ಳಿಯ ಐದಂಗುಲದ ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಪರದೆಗೆ ಐದು ಸಾಲಿಗಿಂತ ಹೆಚ್ಚು ಬೇಡ, ಅಕ್ಷರ ದಪ್ಪ ಇರಲಿ.

ಅಕ್ಷರದ ವಿಷಯ ಬಂದಾಗ ಪ್ರೆಸ್ಸಿನವನು ಸುಮ್ಮನಿರಲಾರೆ. ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಇವತ್ತಿಗೂ ಹಳೆಯ ನುಡಿ, ಬರಹ, ಶ್ರೀಲಿಪಿಯ ಆಸ್ಕಿ ಅಕ್ಷರಗಳಲ್ಲಿ ಕೆಲಸ ನಡೆಯುತ್ತದೆ, ಯಾಕೆಂದರೆ ಪುಟ ಕಟ್ಟುವ ಹಳೆಯ ತಂತ್ರಾಂಶಗಳು ಅದನ್ನೇ ಬೇಡುತ್ತವೆ. ಅಲ್ಲಿ ಹೊಡೆದ ಕನ್ನಡವನ್ನು ಹಾಗೇ ತಂದು ಸಭೆಯ ಚಾಟ್‌ನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಕೆಲವರು ಅದನ್ನು ನೋಡಿ ‘ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ’ ಎಂದು ಕೈಚೆಲ್ಲುತ್ತಾರೆ. ಸುಳ್ಳು! ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದೆ. ಆಹ್ವಾನ, ಪ್ರಶ್ನೆ, ಮತ ಹಾಕುವ ಆಯ್ಕೆ ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲೇ ಮುಂಚಿತವಾಗಿ ಹೊಡೆದಿಟ್ಟುಕೊಳ್ಳಿ.

ಆಹ್ವಾನದಲ್ಲಿ ಗಣ್ಯರ ಫೋಟೋ ಬೇಡ. ಆ ಒಂದು ಪ್ರಶ್ನೆ ಹಾಕಿ. ದಿನ, ಸಮಯ ಹಾಕಿ. ಮನೆಯಿಂದ ಏನು ತರಬೇಕು ಎಂದು ಹೇಳಿ: ಒಂದು ಸ್ಟೀಲ್ ಬಟ್ಟಲು, ಒಂದು ನಾಣ್ಯ, ಒಂದು ಚೊಂಬು ನೀರು. ಜೊತೆಗೆ ನಾಲ್ಕು ಪದಗಳ ಒಂದು ಚೀಟಿ: ವಕ್ರೀಭವನ ಅಂದರೆ ರಿಫ್ರಾಕ್ಷನ್, ಲಂಬ ಅಂದರೆ ನಾರ್ಮಲ್, ಪತನ ಕೋನ ಅಂದರೆ ಆಂಗಲ್ ಆಫ್ ಇನ್ಸಿಡೆನ್ಸ್, ಮಾಧ್ಯಮ ಅಂದರೆ ಮೀಡಿಯಂ. ನಾವು ಮಕ್ಕಳನ್ನು ಇಂಗ್ಲಿಷಿನಿಂದ ಬಚ್ಚಿಡುತ್ತಿಲ್ಲ. ಪರೀಕ್ಷೆಯಲ್ಲಿ ಆ ಪದ ಎದುರಾಗುವುದು ಖಂಡಿತ. ಕನ್ನಡದಲ್ಲಿ ಅರ್ಥ ಗಟ್ಟಿಯಾದ ಮೇಲೆ ಆ ಪದ ಬರೀ ಇನ್ನೊಂದು ಹೆಸರು. ಅರ್ಥವಾಗುವ ಮೊದಲೇ ಬಂದರೆ ಅದು ಗೋಡೆ.

80 ನಿಮಿಷದ ನಡೆ

ಈಗ ಗೋಷ್ಠಿ ಶುರುವಾಯಿತು ಎಂದಿಟ್ಟುಕೊಳ್ಳಿ. ಮೊದಲ ಐದು ನಿಮಿಷ ಎಲ್ಲ ಇಪ್ಪತ್ನಾಲ್ಕು ಮಕ್ಕಳ ಧ್ವನಿ ಹೊರಗೆ ಬರಬೇಕು. ಒಬ್ಬೊಬ್ಬರು ಹತ್ತು ಸೆಕೆಂಡು: ಹೆಸರು ಹೇಳಿ, ನಿಮ್ಮ ಮನೆಯ ಹೊರಗೆ ಈಗ ಯಾವ ಸದ್ದು ಕೇಳುತ್ತಿದೆ ಹೇಳಿ. ಒಬ್ಬನಿಗೆ ಹಾಲು ಕರೆಯುವ ಸದ್ದು, ಒಬ್ಬಳಿಗೆ ಬಸ್ಸಿನ ಹಾರನ್. ಮೊದಲ ಐದು ನಿಮಿಷದಲ್ಲಿ ಒಂದು ಸಲ ಬಾಯಿ ಬಿಟ್ಟವರಿಗೆ ಎರಡನೇ ಸಲ ಕಷ್ಟವಲ್ಲ. ನಲವತ್ತು ನಿಮಿಷ ಸುಮ್ಮನೆ ಕೂರಿಸಿ ‘ಎನಿ ಕ್ವಶ್ಚನ್ಸ್?’ ಎಂದರೆ ಯಾರು ಮಾತಾಡುತ್ತಾರೆ?

ಐದರಿಂದ ಹತ್ತನೇ ನಿಮಿಷ: ಮೀನಿನ ಪ್ರಶ್ನೆ ಇಡಿ. ಮೂರು ನಿಮಿಷ ಮೌನ. ಪ್ರತಿಯೊಬ್ಬರೂ ಚೀಟಿಯಲ್ಲಿ ಉತ್ತರ ಬರೆದುಕೊಳ್ಳಲಿ, ಆಮೇಲೆ ಮತ ಹಾಕಲಿ. ಸರಿ ಉತ್ತರ ಹೇಳಬೇಡಿ!

ಹತ್ತರಿಂದ ಇಪ್ಪತ್ತು: ನಾಲ್ವರ ಕೋಣೆಗಳಿಗೆ ಕಳಿಸಿ. ಬೇರೆ ಬೇರೆ ಮತ ಹಾಕಿದವರು ಒಬ್ಬರನ್ನೊಬ್ಬರು ಒಪ್ಪಿಸಲು ನೋಡಲಿ. ಇಪ್ಪತ್ತರಿಂದ ಮೂವತ್ತು: ಮರಳಿ ಬಂದು ಗುಂಪಿಗೊಬ್ಬರಂತೆ ಹೇಳಲಿ. ಕೊನೆಯ ಐದು ನಿಮಿಷ ಎರಡನೇ ಸಲ ಮತದಾನ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಈ ಕ್ರಮ ಹಿಡಿದರು. ಅವರ ವಿದ್ಯಾರ್ಥಿಗಳು ಸೂತ್ರ ಹಾಕಿ ಲೆಕ್ಕ ಬಿಡಿಸುತ್ತಿದ್ದರು, ಆದರೆ ನ್ಯೂಟನ್‌ನ ನಿಯಮದ ಮೇಲೆ ಸಾದಾ ಮಾತಿನ ಪ್ರಶ್ನೆ ಕೇಳಿದರೆ ತಡವರಿಸುತ್ತಿದ್ದರು. ಆಗ ಅವರು ಭಾಷಣ ಕಡಿಮೆ ಮಾಡಿ ಪ್ರಶ್ನೆ, ಮತ, ಪಕ್ಕದವನೊಂದಿಗೆ ಚರ್ಚೆ, ಮತ್ತೆ ಮತ ಎಂದು ಶುರು ಮಾಡಿದರು. ಮೊದಲ ಮತದಲ್ಲಿ ನೂರಕ್ಕೆ ಮೂವತ್ತರಿಂದ ಎಪ್ಪತ್ತು ಜನ ಸರಿ ಹೇಳಿದರೆ ಚರ್ಚೆಗೆ ಅದು ಹದವಾದ ಪ್ರಶ್ನೆ ಎಂಬುದು ಅವರ ಲೆಕ್ಕ. ಬಹಳ ಸುಲಭವಾದರೆ ಚರ್ಚೆ ಹುಟ್ಟದು, ಬಹಳ ಕಷ್ಟವಾದರೆ ಚರ್ಚೆ ಸಾಗದು.

ನಡುವಿನ ಹತ್ತು ನಿಮಿಷ ಬಿಡುವಿನಲ್ಲಿ ಮಕ್ಕಳು ಬಟ್ಟಲು ಹಿಡಿಯುತ್ತಾರೆ. ನಾಣ್ಯವನ್ನು ತಳದಲ್ಲಿಟ್ಟು, ಬಟ್ಟಲಿನ ಅಂಚು ಅಡ್ಡ ಬಂದು ನಾಣ್ಯ ಮರೆಯಾಗುವವರೆಗೆ ಹಿಂದೆ ಸರಿಯಬೇಕು. ತಲೆ ಅಲುಗಿಸಬಾರದು. ತಂಗಿಯೋ ಅಮ್ಮನೋ ಮೆಲ್ಲಗೆ ನೀರು ಸುರಿಯಲಿ. ಕಾಣದಿದ್ದ ನಾಣ್ಯ ಎದ್ದು ಬಂದಂತೆ ಕಾಣುತ್ತದೆ! ಅಡುಗೆಮನೆಯೇ ಪ್ರಯೋಗಶಾಲೆಯಾಯಿತು.

ಎರಡನೇ ಬೈಠಕ್‌ನ ಮೊದಲ ಹತ್ತು ನಿಮಿಷ, ಕಂಡದ್ದನ್ನು ಮಕ್ಕಳೇ ಹೇಳಬೇಕು. ನಾಣ್ಯಕ್ಕೂ ಮೀನಿಗೂ ಏನು ಸಂಬಂಧ? ಅದಾದ ಮೇಲೆ, ಆಗ ಮಾತ್ರ, ಮೇಷ್ಟ್ರು ಬಾಯಿ ತೆರೆಯಬೇಕು. ಹನ್ನೆರಡು ನಿಮಿಷ. ನೀರಿನಿಂದ ಗಾಳಿಗೆ ಬರುವ ಬೆಳಕು ಲಂಬದಿಂದ ದೂರಕ್ಕೆ ಬಾಗುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಿಲ್ಲ, ಬೆಳಕು ನೆಟ್ಟಗೆ ಬಂತು ಎಂದೇ ತಿಳಿಯುತ್ತದೆ. ಹಾಗಾಗಿ ವಸ್ತು ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33, ಎಂಟು ಸೆಂಟಿಮೀಟರ್ ಆಳದ ನೀರು ನೇರ ಮೇಲಿನಿಂದ ನೋಡಿದರೆ ಸುಮಾರು ಆರು ಸೆಂಟಿಮೀಟರ್ ಎಂದು ಕಾಣುತ್ತದೆ. ಆದ್ದರಿಂದ ಭರ್ಜಿಯ ಗುರಿ ಕಾಣುವ ಜಾಗಕ್ಕಿಂತ ಕೆಳಗೆ. ಮತ ಹಾಕಿ, ವಾದ ಮಾಡಿ, ಕೈಯಾರೆ ನೋಡಿದ ಮೇಲೆ ಬಂದ ಈ ವಿವರಣೆ ಮರೆಯುವಂಥದ್ದಲ್ಲ.

ಆಮೇಲೆ ಹತ್ತು ನಿಮಿಷ ಪ್ರಶ್ನೆಗಳು. ಕೊನೆಯ ಮೂರು ನಿಮಿಷ ಪ್ರತಿಯೊಬ್ಬರೂ ಕಲಿತದ್ದು ಒಂದು ಸಾಲು, ಉಳಿದ ಅನುಮಾನ ಒಂದು ಸಾಲು ಬರೆದು ಕಳಿಸಬೇಕು. ಲೆಕ್ಕ ಹಾಕಿ ನೋಡಿ: ಎಪ್ಪತ್ತು ನಿಮಿಷದ ಮಾತಿನಲ್ಲಿ ಮೇಷ್ಟ್ರಿಗೆ ಹನ್ನೆರಡು!

ನಮ್ಮ ಗೆಳೆಯರು ಹೀಗೆ ನಡೆಸಿದ ಒಂದು ಗೋಷ್ಠಿಯಲ್ಲಿ ತುಮಕೂರು ಜಿಲ್ಲೆಯ ಹಳ್ಳಿಯ ಹುಡುಗಿಯೊಬ್ಬಳು ಕೊನೆಯಲ್ಲಿ ಕೇಳಿದಳು: ‘ಸಾರ್, ಭರ್ಜಿ ಬದಲು ಟಾರ್ಚ್ ಬೆಳಕು ಬಿಟ್ಟರೆ ಎಲ್ಲಿಗೆ ಬಿಡಬೇಕು?’ ಒಂದು ಕ್ಷಣ ಮೇಷ್ಟ್ರೇ ಸುಮ್ಮನಾದರು. ಭರ್ಜಿ ಬಾಗುವುದಿಲ್ಲ, ಬೆಳಕು ಬಾಗುತ್ತದೆ. ಮೀನಿನಿಂದ ಕಣ್ಣಿಗೆ ಬಂದ ದಾರಿಯಲ್ಲೇ ಟಾರ್ಚಿನ ಬೆಳಕು ತಿರುಗಿ ಹೋಗುತ್ತದೆ. ಹಾಗಾಗಿ ಅದನ್ನು ಕಾಣುವ ಜಾಗಕ್ಕೇ ಬಿಡಬೇಕು! ಪಠ್ಯಪುಸ್ತಕ ಬರೆದವರಿಗೂ ಖುಷಿಯಾಗುವ ಪ್ರಶ್ನೆ. ಇಂಗ್ಲಿಷಿನಲ್ಲಿ ಕೇಳು ಎಂದಿದ್ದರೆ ಆ ಪ್ರಶ್ನೆ ಅವಳ ಗಂಟಲಲ್ಲೇ ಸಾಯುತ್ತಿತ್ತು.

ನಿರ್ವಾಹಕರಿಗೆ ನಾಲ್ಕು ಕಿವಿಮಾತು

ಒಂದು: ಕಾಯುವುದನ್ನು ಕಲಿಯಿರಿ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಅಮೆರಿಕದ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಮಾಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು! ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ಅಂತರ್ಜಾಲದಲ್ಲಿ ಮೈಕ್ ಆನ್ ಮಾಡುವುದಕ್ಕೇ ಮೂರು ಸೆಕೆಂಡು ಬೇಕು. ನೀವು ಹತ್ತು ಸೆಕೆಂಡು ಕಾಯಿರಿ. ಮನಸ್ಸಿನಲ್ಲೇ ಎಣಿಸಿ. ಆ ಮೌನಕ್ಕೆ ಹೆದರಬೇಡಿ.

ಎರಡು: ಯಾವ ಕನ್ನಡವನ್ನೂ ತಿದ್ದಬೇಡಿ. ಕಲಬುರಗಿಯ ಹುಡುಗ ಕಲಬುರಗಿಯ ಹಾಗೇ ಮಾತಾಡಲಿ, ಕುಂದಾಪುರದವಳು ಕುಂದಾಪುರದ ಹಾಗೆ. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಆಡುವ ಮಗುವಿನ ಕನ್ನಡಕ್ಕೆ ನಗುವವರು ಕನ್ನಡದ ಸೇವೆ ಮಾಡುತ್ತಿಲ್ಲ. ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಮೊದಲು ಪ್ರಶ್ನೆಗೆ ಉತ್ತರ ಕೊಡಿ. ಲಿಪಿಯನ್ನು ಆಮೇಲೆ ಪ್ರೀತಿಯಿಂದ ಹೇಳಿಕೊಡಿ.

ಮೂರು: ಕ್ಯಾಮೆರಾ ಆನ್ ಮಾಡಿ ಎಂದು ಒತ್ತಾಯ ಬೇಡ. ಒಂದೇ ಕೋಣೆಯ ಮನೆ, ಹಿಂದೆ ಬಟ್ಟೆ ಒಣಗಿದೆ, ಅಜ್ಜಿ ಮಲಗಿದ್ದಾರೆ. ಅದನ್ನು ಊರಿಗೆಲ್ಲ ತೋರಿಸಬೇಕೆ? ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದಂತೆ, ಮುಖಗಳು ಬಹಳ ಹತ್ತಿರದಿಂದ ದಿಟ್ಟಿಸುವುದು, ತನ್ನ ಮುಖವನ್ನೇ ಸತತವಾಗಿ ನೋಡಿಕೊಳ್ಳುವುದು, ಅಲುಗಾಡದೆ ಕೂರುವುದು ಇವೆಲ್ಲ ದಣಿವು ತರುತ್ತವೆ. ಜೊತೆಗೆ ಡೇಟಾ ಖರ್ಚು. ಬರೀ ಧ್ವನಿಯಾದರೆ ಗಂಟೆಗೆ ಮೂವತ್ತು ನಲವತ್ತು ಎಂಬಿಯಲ್ಲಿ ಮುಗಿಯುತ್ತದೆ. ವಿಡಿಯೋ ಆದರೆ ನೂರಾರು ಎಂಬಿ. ನಮಗೆ ಬೇಕಾದ್ದು ಮಾತು.

ನಾಲ್ಕು: ಮಕ್ಕಳ ರಕ್ಷಣೆ. ಸಭೆಯ ಕೊಂಡಿಯನ್ನು ಊರಿಗೆಲ್ಲ ಹಂಚಬೇಡಿ. ಹೊರಬಾಗಿಲಲ್ಲಿ ಕಾಯಿಸಿ, ಹೆಸರು ನೋಡಿ ಒಳಗೆ ಬಿಡಿ. ನಾಲ್ವರ ಕೋಣೆಯಲ್ಲಿ ದೊಡ್ಡವರೊಬ್ಬರು ಇದ್ದರೆ ಅವರು ನಿಮಗೆ ಚೆನ್ನಾಗಿ ಗೊತ್ತಿರುವವರೇ ಆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಕೇಳದೆ ರೆಕಾರ್ಡ್ ಮಾಡುವುದು, ಫೋಟೋ ಹಾಕಿ ಮೆರೆಯುವುದು ಎರಡೂ ಬೇಡ.

ಫೋನೇ ಇಲ್ಲದವರು?

ಈ ಪ್ರಶ್ನೆಗೆ ಉತ್ತರ ಕೊಡದೆ ಗೋಷ್ಠಿ ಮಾಡಿದರೆ ಇದ್ದವರಿಗೇ ಇನ್ನಷ್ಟು ಕೊಟ್ಟ ಹಾಗೆ. ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಹಾಗಾಗಿ ಗೋಷ್ಠಿ ಸಂಜೆ ಏಳರ ನಂತರ, ಇಲ್ಲವೆ ಭಾನುವಾರ ಇರಲಿ. ಒಂದೇ ಊರಿನ ನಾಲ್ವರು ಒಂದು ಫೋನಿನ ಸುತ್ತ ಕೂರಲಿ. ಅವರೇ ಒಂದು ಗುಂಪು, ಪರದೆಯ ಕೋಣೆಗಿಂತ ಅದು ಉತ್ತಮ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಇದೆ. ಗ್ರಂಥಪಾಲಕರನ್ನು ಹೋಗಿ ಮಾತಾಡಿಸಿ. ನೆಟ್‌ವರ್ಕ್ ಕಡಿದು ಹೊರಬಿದ್ದ ಮಗುವಿಗೆ ಗುಂಪಿನ ಅಕ್ಕ ಕೂಡಲೇ ಸಾದಾ ಫೋನ್ ಕರೆ ಮಾಡಬೇಕು. ‘ಎಲ್ಲಿ ಹೋದೆಯೋ?’ ಎಂದು ಒಬ್ಬರು ಕೇಳಿದರೆ ಅದು ಮುಂದಿನ ವಾರವೂ ಬರುತ್ತದೆ.

ಗೋಷ್ಠಿ ಮುಗಿದ ಮೇಲೆ

ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಬಗ್ಗೆ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಇತಿಹಾಸ, ಆರೋಗ್ಯದ ಬಗ್ಗೆ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಚ್ಚಾಗಿ ಅಗ್ಗದ ಬೆಲೆಗೆ ಮನೆಮನೆ ಸೇರಿದವು. ಮಾತು ಗಾಳಿಗೆ ಹೋಗದಂತೆ ಹಿಡಿದಿಟ್ಟರು. ನೀವೂ ಹಿಡಿದಿಡಿ. ಆದರೆ ಒಂದು ಹೆಜ್ಜೆ ಮುಂದೆ ಹೋಗಿ: ಮಕ್ಕಳ ಪ್ರಶ್ನೆಗಳನ್ನೂ ಅಚ್ಚು ಮಾಡಿ. ಎರಡು ದಿನದೊಳಗೆ ಒಂದು ಹಾಳೆಯಲ್ಲಿ ಪ್ರಶ್ನೆ, ಉತ್ತರ, ನಾಲ್ಕು ಪದಗಳು, ಉಳಿದ ಅನುಮಾನಗಳು ಎಲ್ಲ ಬರಲಿ. ಫೋನಿಗೆ ಕಳಿಸಿ, ಫೋನಿಲ್ಲದವರ ಶಾಲೆಗೆ ಕಾಗದದಲ್ಲಿ ಕಳಿಸಿ. ಹತ್ತು ಗೋಷ್ಠಿ ಸೇರಿದರೆ ಒಂದು ಪುಸ್ತಿಕೆ. ಕಾಗದದ ದುಡ್ಡು ನೀವು ಹೊಂದಿಸಿ, ಅಚ್ಚಿನ ಕೂಲಿ ನಾನು ಕೇಳುವುದಿಲ್ಲ.

ಲೆಕ್ಕವನ್ನೂ ಸರಿಯಾದದ್ದನ್ನೇ ಇಡಿ. ಎಷ್ಟು ಜನ ಬಂದರು ಎಂಬುದು ಒಂದು ಸಾಲು. ಎಷ್ಟು ಜನ ಬಾಯಿ ಬಿಟ್ಟರು, ಎರಡನೇ ಮತದಲ್ಲಿ ಎಷ್ಟು ಜನ ಅಭಿಪ್ರಾಯ ಬದಲಿಸಿದರು, ಮುಂದಿನ ಗೋಷ್ಠಿಗೆ ಎಷ್ಟು ಜನ ಮರಳಿ ಬಂದರು, ಇದು ಮೂರು ಸಾಲು. ಇಪ್ಪತ್ನಾಲ್ಕರಲ್ಲಿ ಆರು ಮಕ್ಕಳು ಸುಮ್ಮನಿದ್ದರೆ ಆ ಆರು ಹೆಸರು ಬರೆದಿಡಿ. ಮುಂದಿನ ವಾರದ ಸಿದ್ಧತೆ ಆ ಆರು ಹೆಸರಿನಿಂದ ಶುರುವಾಗಬೇಕು.

ಹಿರಿಯರ ಹೋರಾಟ, ನಮ್ಮ ಕೆಲಸ

ಗೆಳೆಯರೆ, 1982ರ ಗೋಕಾಕ್ ಚಳವಳಿಯಲ್ಲಿ ನಮ್ಮ ಹಿರಿಯರು ಬೀದಿಗಿಳಿದರು. ಡಾ. ರಾಜ್‌ಕುಮಾರ್ ಊರೂರು ಸುತ್ತಿದರು. ಶಾಲೆಯಲ್ಲಿ ಕನ್ನಡಕ್ಕೆ ಜಾಗ ಬೇಕು ಎಂಬುದು ಆ ಕೂಗು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನು ಕಲಿಕೆಯ ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲ ಎಂದಿತು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಒಂದು ಬಾಗಿಲು ಮುಚ್ಚಿದೆ, ಇನ್ನೊಂದು ತೆರೆದಿದೆ. ಆದರೆ ತೆರೆದ ಬಾಗಿಲಿನೊಳಗೆ ಹೋಗಲು ಮಕ್ಕಳಿಗೆ ಧೈರ್ಯ ಬೇಕಲ್ಲ? ಕನ್ನಡದಲ್ಲಿ ಭೌತಶಾಸ್ತ್ರ ಯೋಚಿಸಬಹುದು, ವಾದಿಸಬಹುದು, ಮೇಷ್ಟ್ರನ್ನೇ ಒಂದು ಕ್ಷಣ ಸುಮ್ಮನಾಗಿಸಬಹುದು ಎಂದು ಅವರಿಗೆ ಅನುಭವದಿಂದ ಗೊತ್ತಾಗಬೇಕಲ್ಲ? ಕನ್ನಡದಲ್ಲಿ ಕಲಿತರೆ ಅರ್ಥವಾಗುತ್ತದೆ ಎಂದು ತೋರಿಸುವ ಕೆಲಸಕ್ಕೆ ಯಾವ ಕೋರ್ಟಿನ ಅಡ್ಡಿಯೂ ಇಲ್ಲ, ಯಾರ ಅನುಮತಿಯೂ ಬೇಡ.

ನಿಮ್ಮಲ್ಲಿ ಹಲವರು ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದೀರಿ, ದಿನಕ್ಕೆ ನಾಲ್ಕು ಸಭೆ ಪರದೆಯ ಮೇಲೆ ಮುಗಿಸುತ್ತೀರಿ. ಆ ಕೌಶಲ ನಿಮ್ಮ ಹಳ್ಳಿಯ ಪ್ರೌಢಶಾಲೆಗೆ ಇನ್ನೂ ತಲುಪಿಲ್ಲ. ಇಲ್ಲಿಂದ ಎದ್ದು ಹೋಗುವ ಮೊದಲು ಹತ್ತು ಜನರ ತಂಡ ಕಟ್ಟಿಕೊಳ್ಳಿ. ನಿಮ್ಮ ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಕೇಳಿ. ಅವರು ಹೇಳಿದ ಜಾಗದಲ್ಲಿ ಒಂದು ಒಳ್ಳೆಯ ಪ್ರಶ್ನೆ ಹುಡುಕಿ. ಮೂರು ವಾರ ಸಿದ್ಧತೆ ಸಾಕು. ನಾಲ್ಕನೇ ಭಾನುವಾರ ಇಪ್ಪತ್ನಾಲ್ಕು ಮಕ್ಕಳು ಕನ್ನಡದಲ್ಲಿ ಜಗಳವಾಡುವ ಸದ್ದು ಕೇಳಬೇಕು. ಸಂಖ್ಯೆ ಚಿಕ್ಕದೆಂದು ಯಾರಾದರೂ ನಕ್ಕರೆ ನಗಲಿ ಬಿಡಿ.

ಇಷ್ಟು ಹೊತ್ತು ನಾನೊಬ್ಬನೇ ಮಾತಾಡಿದೆ, ಇದು ಭಾಷಣ. ಗೋಷ್ಠಿ ಇನ್ನು ಶುರುವಾಗಬೇಕು. ಹಿಂದಿನ ಸಾಲಿನಲ್ಲಿ ಕೂತವರಿಂದಲೇ ಶುರು ಮಾಡೋಣ. ಕೇಳಿ, ಏನು ಪ್ರಶ್ನೆ?